ಮಗುವಿನ ಗಣಿತ ತರಗತಿಯ ಆಯ್ಕೆಯನ್ನು ಪ್ರಶ್ನಿಸುವ ಕ್ರಮ: ಕ್ಯಾಲಿಫೋರ್ನಿಯಾದ ಕನ್ನಡ ಪೋಷಕರಿಗೊಂದು ಮಾರ್ಗದರ್ಶಿ

ಮೇ ತಿಂಗಳ ಕೊನೆಯಲ್ಲಿ, ಬೇಸಿಗೆ ರಜೆಗೆ ಇನ್ನು ಕೆಲವೇ ದಿನಗಳಿರುವಾಗ, ಶಾಲೆಯ ಪೋರ್ಟಲ್‌ನಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ. ಮುಂದಿನ ವರ್ಷ ನಿಮ್ಮ ಮಗಳಿಗೆ ‘ಮ್ಯಾಥ್ 7’. ಅವಳ ಜೊತೆಯಲ್ಲೇ ಕೂತು ಓದಿದ ಗೆಳತಿಗೆ ‘ಆಕ್ಸಿಲರೇಟೆಡ್ ಮ್ಯಾಥ್ 7’, ಅಂದರೆ ವೇಗದ ಹಾದಿಯ ಗಣಿತ. ಏಕೆ ಹೀಗಾಯಿತು ಎಂಬುದಕ್ಕೆ ಆ ಸಾಲಿನಲ್ಲಿ ವಿವರಣೆ ಇರುವುದಿಲ್ಲ. ಮನೆಯಲ್ಲಿ ಒಬ್ಬರು ‘ಇರಲಿ ಬಿಡಿ, ಮಗು ಆರಾಮಾಗಿರಲಿ’ ಎನ್ನುತ್ತಾರೆ, ಇನ್ನೊಬ್ಬರು ಆ ರಾತ್ರಿಯೇ ಪ್ರಿನ್ಸಿಪಾಲರಿಗೆ ಉದ್ದನೆಯ ಈಮೇಲ್ ಬರೆಯಲು ಕೂರುತ್ತಾರೆ. ಆ ಈಮೇಲನ್ನು ಕಳಿಸುವ ಮುನ್ನ ಮಾಡಬೇಕಾದ ಕೆಲಸಗಳು ಯಾವುವು, ಕಳಿಸಿದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಫ್ರೀಮಾಂಟ್, ಸನಿವೇಲ್, ಸ್ಯಾನ್ ರಮೋನ್ ಮುಂತಾದ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿರುವುದರಿಂದ, ಇಲ್ಲಿನ ಕಾನೂನಿನ ಮಾತೆಲ್ಲ ಮುಖ್ಯವಾಗಿ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಸಂಬಂಧಿಸಿದ್ದು.

ಮೊದಲು ಏಣಿಯನ್ನು ನೋಡಿಕೊಳ್ಳಿ

ಭಾರತದಲ್ಲಿ ಒಂದು ತರಗತಿಯ ಮಕ್ಕಳೆಲ್ಲ ಒಂದೇ ಗಣಿತ ಪುಸ್ತಕ ಓದುತ್ತಾರೆ, ಬೀಜಗಣಿತವೂ ರೇಖಾಗಣಿತವೂ ಅದೇ ಪುಸ್ತಕದ ಬೇರೆ ಬೇರೆ ಅಧ್ಯಾಯಗಳು. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಸಾಮಾನ್ಯ ಹಾದಿಯಲ್ಲಿ ಸಾಗುವ ಮಗು ಎಂಟನೆಯ ತರಗತಿಯವರೆಗೆ ಆಯಾ ತರಗತಿಯ ಗಣಿತವನ್ನು ಓದಿ, ಒಂಬತ್ತರಲ್ಲಿ ಆಲ್ಜೀಬ್ರಾ 1, ಹತ್ತರಲ್ಲಿ ಜಿಯಾಮೆಟ್ರಿ, ಹನ್ನೊಂದರಲ್ಲಿ ಆಲ್ಜೀಬ್ರಾ 2, ಹನ್ನೆರಡರಲ್ಲಿ ಪ್ರೀಕ್ಯಾಲ್ಕ್ಯುಲಸ್ ಮುಗಿಸುತ್ತದೆ. ವೇಗದ ಹಾದಿಯಲ್ಲಿ ಸಾಮಾನ್ಯವಾಗಿ ಏಳು, ಎಂಟು ಮತ್ತು ಒಂಬತ್ತನೆಯ ತರಗತಿಗಳ ಮೂರು ವರ್ಷದ ವಿಷಯವನ್ನು ಎರಡು ವರ್ಷಕ್ಕೆ ಒತ್ತಿ ತುಂಬಿರುತ್ತಾರೆ. ಏಳನೆಯದರಲ್ಲಿ ಆ ವರ್ಷದ ಪಾಠದ ಜೊತೆಗೆ ಎಂಟರ ಅರ್ಧ, ಎಂಟನೆಯದರಲ್ಲಿ ಉಳಿದರ್ಧದ ಜೊತೆಗೆ ಆಲ್ಜೀಬ್ರಾ 1. ಆ ಹಾದಿಯ ಮಗು ಹನ್ನೆರಡನೆಯ ತರಗತಿಯಲ್ಲಿ ಎಪಿ ಕ್ಯಾಲ್ಕ್ಯುಲಸ್ ಎಂಬ ಕಾಲೇಜು ಮಟ್ಟದ ಕೋರ್ಸಿಗೆ ತಲುಪುತ್ತದೆ. ಪೋಷಕರ ಆತಂಕದ ಮೂಲ ಇಲ್ಲಿದೆ: ಹನ್ನೆರಡನೆಯ ವಯಸ್ಸಿನಲ್ಲಿ ಕೈಗೊಂಡ ನಿರ್ಧಾರವೊಂದು ಹದಿನೇಳನೆಯ ವಯಸ್ಸಿನ ಪಾಠಪಟ್ಟಿಯನ್ನು ಬಹುಮಟ್ಟಿಗೆ ಗೊತ್ತುಮಾಡಿಬಿಡುತ್ತದೆ.

ಆತಂಕಕ್ಕೆ ಕಾರಣವಿದೆ, ಆದರೆ ಅದು ನಾವು ಊಹಿಸಿಕೊಂಡಷ್ಟು ದೊಡ್ಡದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಮೂರು ವರ್ಷದ ಗಣಿತ ಕಡ್ಡಾಯ, ನಾಲ್ಕು ವರ್ಷದ್ದು ಅಪೇಕ್ಷಣೀಯ, ಕ್ಯಾಲ್ಕ್ಯುಲಸ್ ಕಡ್ಡಾಯವೇನಲ್ಲ. ಹಿಂದುಳಿದ ಒಂದು ಮೆಟ್ಟಿಲನ್ನು ಹೈಸ್ಕೂಲಿನಲ್ಲಿ ಜಿಯಾಮೆಟ್ರಿ ಮತ್ತು ಆಲ್ಜೀಬ್ರಾ 2 ಎರಡನ್ನೂ ಒಂದೇ ವರ್ಷ ಓದಿಯೋ, ಬೇಸಿಗೆಯ ಕೋರ್ಸ್ ಮಾಡಿಯೋ ಏರುವ ದಾರಿಯನ್ನು ಅನೇಕ ಡಿಸ್ಟ್ರಿಕ್ಟ್‌ಗಳು (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ತೆರೆದಿಟ್ಟಿವೆ. ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಆ ದಾರಿ ಇದೆಯೇ ಎಂದು ಮೊದಲೇ ತಿಳಿದುಕೊಂಡರೆ, ಮುಂದಿನ ಮಾತುಕತೆಯಲ್ಲಿ ನಿಮ್ಮ ದನಿ ತಾನಾಗಿಯೇ ಒಂದು ಶ್ರುತಿ ಕೆಳಗಿಳಿಯುತ್ತದೆ, ಅದರಿಂದ ನಿಮಗೇ ಲಾಭ.

ಮಗುವಿನ ನೋಟ್‌ಬುಕ್ ತೆರೆಯಿರಿ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಶಾಲೆಯ ಕೌನ್ಸೆಲರ್ ಕೇಳಿರಲಾರರು, ಆದರೆ ಅದರ ಅರ್ಥ ಅವರಿಗೆ ಪ್ರತಿ ಜೂನ್‌ನಲ್ಲೂ ಮನವರಿಕೆಯಾಗುತ್ತದೆ. ಆದ್ದರಿಂದ ಶಾಲೆಯ ಬಾಗಿಲು ತಟ್ಟುವ ಮೊದಲು ಎರಡು ಸಂಜೆ ಮಗುವಿನ ಜೊತೆ ಕುಳಿತುಕೊಳ್ಳಿ. ಸೂತ್ರ ಹಾಕಿ ಉತ್ತರ ತೆಗೆಯುವ ಲೆಕ್ಕಗಳನ್ನು ಕೊಡಬೇಡಿ. ಭಿನ್ನರಾಶಿಯಿಂದ ಭಾಗಿಸುವಾಗ ತಿರುಗಿಸಿ ಗುಣಿಸುವುದೇಕೆ ಎಂದು ಕೇಳಿ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಬರುವುದಕ್ಕೆ ಕಾರಣ ಕೇಳಿ. ‘ಒಂದು ಅಂಗಿಯ ಬೆಲೆಯನ್ನು ಶೇ. 20 ಇಳಿಸಿ ಅನಂತರ ಶೇ. 20 ಏರಿಸಿದರೆ ಮೊದಲಿನ ಬೆಲೆಗೇ ಬರುತ್ತದೆಯೇ’ ಎಂದು ಕೇಳಿ. ಮಗು ಲೆಕ್ಕ ಮಾಡುವ ಮೊದಲು ಯೋಚಿಸುತ್ತದೆಯೋ, ಯೋಚಿಸುವ ಮೊದಲೇ ಪೆನ್ಸಿಲ್ ಓಡಿಸುತ್ತದೆಯೋ ಎಂಬುದನ್ನು ಗಮನಿಸಿ.

ನಮ್ಮ ಮನೆಯಲ್ಲಿ ಈ ಪರೀಕ್ಷೆಯ ಫಲಿತಾಂಶ ಹಿತವಾಗಿರಲಿಲ್ಲ. ವಾರಕ್ಕೆರಡು ದಿನ ಟ್ಯೂಷನ್‌ಗೆ ಹೋಗಿ ಸಮೀಕರಣಗಳನ್ನು ಪಟಪಟನೆ ಬಿಡಿಸುತ್ತಿದ್ದ ಮಗ, ಅಂಗಿಯ ಬೆಲೆಯ ಪ್ರಶ್ನೆಗೆ ‘ಹೌದು, ಅಷ್ಟೇ ಬರುತ್ತದೆ’ ಎಂದುಬಿಟ್ಟ. ಶಾಲೆಯ ತೀರ್ಮಾನದಲ್ಲಿ ತಪ್ಪಿದೆ ಎಂದು ತೋರಿಸಲು ಹೊರಟಿದ್ದ ನನಗೆ ಆ ಬೇಸಿಗೆಯಲ್ಲಿ ಮೇಲ್ಮನವಿಗಿಂತ ಅನುಪಾತದ ಪಾಠವೇ ಮೊದಲು ಆಗಬೇಕಾಯಿತು. ಕುಮಾನ್, ರಷ್ಯನ್ ಸ್ಕೂಲ್ ಆಫ್ ಮ್ಯಾಥ್ ಮುಂತಾದ ಕಡೆಗಳಲ್ಲಿ ಮಗು ಎರಡು ವರ್ಷ ಮುಂದಿದೆ ಎಂಬುದು ನಿಜವೇ ಇರಬಹುದು. ಆದರೆ ಶಾಲೆ ಕೇಳುವುದು ಮುಂದಿನ ವರ್ಷದ ಪಾಠ ಗೊತ್ತೇ ಎಂದಲ್ಲ, ಈ ವರ್ಷದ ಪಾಠ ಗಟ್ಟಿಯಾಗಿದೆಯೇ ಎಂದು.

ಇದೇ ಹೊತ್ತಿನಲ್ಲಿ ಮಗುವನ್ನೂ ಒಂದು ಮಾತು ಕೇಳಿ. ಸ್ವಿಮ್ಮಿಂಗ್, ಭರತನಾಟ್ಯ, ಭಾನುವಾರದ ಕನ್ನಡ ತರಗತಿ ಎಲ್ಲದರ ನಡುವೆ ರಾತ್ರಿ ಇನ್ನೊಂದು ಗಂಟೆಯ ಹೋಮ್‌ವರ್ಕ್ ಅದಕ್ಕೆ ಬೇಕೇ? ಕೌನ್ಸೆಲರ್ ಮುಂದೆ ಮಗು ತಾನೇ ‘ನನಗೆ ಬೇಕು’ ಎಂದು ಹೇಳಿದರೆ ಅದಕ್ಕಿರುವ ತೂಕ ನಿಮ್ಮ ಹತ್ತು ಪುಟದ ಪತ್ರಕ್ಕಿಲ್ಲ.

ನಿಯಮವನ್ನೂ ದಾಖಲೆಯನ್ನೂ ತರಿಸಿಕೊಳ್ಳಿ

ನೋಟ್‌ಬುಕ್ ನೋಡಿದ ಮೇಲೂ ತಪ್ಪಾಗಿದೆ ಎನಿಸಿದರೆ, ವಾದಕ್ಕೆ ಮೊದಲು ಮಾಹಿತಿ. ಕ್ಯಾಲಿಫೋರ್ನಿಯಾ 2015ರಲ್ಲಿ ಗಣಿತ ತರಗತಿಯ ಆಯ್ಕೆಯ ಬಗ್ಗೆಯೇ ಒಂದು ಪ್ರತ್ಯೇಕ ಕಾಯ್ದೆ ಮಾಡಿತು. ಎಂಟನೆಯ ತರಗತಿಯಲ್ಲಿ ಆಲ್ಜೀಬ್ರಾ ಓದಿ ಪಾಸಾದ ಮಕ್ಕಳನ್ನೂ ಒಂಬತ್ತರಲ್ಲಿ ಮತ್ತೆ ಅದೇ ಆಲ್ಜೀಬ್ರಾಕ್ಕೆ ಕೂರಿಸುತ್ತಿದ್ದುದು, ಅದರಲ್ಲೂ ಕಪ್ಪು ಮತ್ತು ಲ್ಯಾಟಿನೊ ಮಕ್ಕಳಿಗೆ ಇದು ಹೆಚ್ಚಾಗಿ ಆಗುತ್ತಿದ್ದುದು ಈ ಕಾಯ್ದೆಗೆ ಕಾರಣ. ರಾಜ್ಯದ ಶಿಕ್ಷಣ ಸಂಹಿತೆಯ 51224.7ನೆಯ ಸೆಕ್ಷನ್ ಆಗಿ ಸೇರಿರುವ ಇದರ ಪ್ರಕಾರ, ಒಂಬತ್ತನೆಯ ತರಗತಿಗೆ ಬರುವ ಮಕ್ಕಳ ಗಣಿತದ ಆಯ್ಕೆಗೆ ನ್ಯಾಯಯುತವೂ ವಸ್ತುನಿಷ್ಠವೂ ಪಾರದರ್ಶಕವೂ ಆದ ನೀತಿಯೊಂದನ್ನು ಡಿಸ್ಟ್ರಿಕ್ಟ್ ರೂಪಿಸಿ ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ಒಂದೇ ಅಳತೆಗೋಲನ್ನು ನೆಚ್ಚದೆ ಹಲವು ವಸ್ತುನಿಷ್ಠ ಅಳತೆಗಳನ್ನು ಪರಿಗಣಿಸಬೇಕು. ಶಾಲೆ ಶುರುವಾದ ಮೊದಲ ತಿಂಗಳಲ್ಲಿ ಒಮ್ಮೆಯಾದರೂ ಆಯ್ಕೆ ಸರಿಯಾಗಿದೆಯೇ ಎಂದು ಮರುಪರಿಶೀಲಿಸಬೇಕು. ಆಯ್ಕೆಯನ್ನು ಪ್ರಶ್ನಿಸುವ ಪೋಷಕರಿಗೆ ಸ್ಪಷ್ಟವಾದ, ಸಕಾಲಿಕವಾದ ಪರಿಹಾರದ ದಾರಿ ಇರಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಈ ಕಡ್ಡಾಯ ಒಂಬತ್ತನೆಯ ತರಗತಿಯ ಪ್ರವೇಶಕ್ಕೆ ಮಾತ್ರ. ಪ್ರಾಥಮಿಕ ಶಾಲೆಯಿಂದ ಮಿಡ್ಲ್ ಸ್ಕೂಲಿಗೆ ಬರುವ ಮಕ್ಕಳ ವಿಷಯದಲ್ಲಿ ಡಿಸ್ಟ್ರಿಕ್ಟ್ ಇಂಥದೇ ನೀತಿಯನ್ನು ರೂಪಿಸಿಕೊಳ್ಳಬಹುದು ಎಂದಷ್ಟೇ ಕಾಯ್ದೆ ಹೇಳುತ್ತದೆ. ಆದ್ದರಿಂದ ಆರನೆಯ ತರಗತಿಯ ಮಗುವಿನ ಪೋಷಕರು ‘ನೀವು ಕಾನೂನು ಮುರಿದಿದ್ದೀರಿ’ ಎಂದು ಪತ್ರ ಆರಂಭಿಸಿದರೆ ಮೊದಲ ಸಾಲಿನಲ್ಲೇ ಸೋಲುತ್ತಾರೆ. ‘ನಿಮ್ಮ ಡಿಸ್ಟ್ರಿಕ್ಟ್‌ನ ಲಿಖಿತ ನೀತಿ ಏನು ಹೇಳುತ್ತದೆ’ ಎಂದು ಕೇಳುವುದೇ ಸರಿಯಾದ ಆರಂಭ. ಕ್ಯಾಲಿಫೋರ್ನಿಯಾದ ಬಹಳಷ್ಟು ಸ್ಕೂಲ್ ಬೋರ್ಡ್‌ಗಳ (ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಗಳ) ನೀತಿ ಸಂಪುಟದಲ್ಲಿ ಗಣಿತ ಕೋರ್ಸುಗಳ ಆಯ್ಕೆಗೆ ಸಂಬಂಧಿಸಿದ ನೀತಿ 6152.1 ಎಂಬ ಸಂಖ್ಯೆಯಲ್ಲಿರುತ್ತದೆ. ಡಿಸ್ಟ್ರಿಕ್ಟ್‌ನ ಹೆಸರಿನೊಂದಿಗೆ ಆ ಸಂಖ್ಯೆಯನ್ನು ಹಾಕಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಅದರಲ್ಲಿ ಮೇಲ್ಮನವಿಗೆ ಕೊನೆಯ ದಿನಾಂಕ ಇದ್ದರೆ ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಳ್ಳೆಯ ವಾದವಿದ್ದೂ ಅವಧಿ ಮೀರಿದ್ದರಿಂದಲೇ ವಾಪಸಾದ ಅರ್ಜಿಗಳು ಕಡಿಮೆಯೇನಲ್ಲ.

ಇನ್ನು ಮಗುವಿನ ದಾಖಲೆಗಳು. 1974ರ ಫೆರ್ಪಾ ಎಂಬ ಕೇಂದ್ರ ಕಾಯ್ದೆಯಂತೆ ಮಗುವಿನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಪೋಷಕರಿಗಿದೆ, ಶಾಲೆ 45 ದಿನಗಳ ಒಳಗೆ ತೋರಿಸಬೇಕು. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಬಿಗಿಯಾದದ್ದು, ಅರ್ಜಿ ಕೊಟ್ಟ ಐದು ಕೆಲಸದ ದಿನಗಳೊಳಗೆ ತೋರಿಸಬೇಕು. ಪ್ಲೇಸ್‌ಮೆಂಟ್ ಪರೀಕ್ಷೆಯ ಅಂಕ, ವರ್ಷದುದ್ದಕ್ಕೂ ನಡೆದ ಅಳತೆ ಪರೀಕ್ಷೆಗಳ ವರದಿ, ಶಿಕ್ಷಕರ ಶಿಫಾರಸು ಬರಹದಲ್ಲಿದ್ದರೆ ಅದು, ಇವಿಷ್ಟನ್ನೂ ಹೆಸರಿಸಿ ಕೇಳಿ. ಒಂದು ಎಚ್ಚರಿಕೆ: ದಾಖಲೆಯಲ್ಲಿ ಅಂಕ ತಪ್ಪಾಗಿ ನಮೂದಾಗಿದ್ದರೆ ಅದನ್ನು ತಿದ್ದಿಸಲು ಫೆರ್ಪಾ ನೆರವಾಗುತ್ತದೆ, ಆದರೆ ಸರಿಯಾಗಿ ನಮೂದಾದ ಅಂಕದ ಮೇಲೆ ಶಾಲೆ ಕೈಗೊಂಡ ಶೈಕ್ಷಣಿಕ ತೀರ್ಮಾನವನ್ನು ಬದಲಾಯಿಸಲು ಅದು ಅಸ್ತ್ರವಾಗುವುದಿಲ್ಲ.

ಅಂಕಗಳನ್ನು ಓದುವ ಬಗೆ

ಕೈಗೆ ಬಂದ ವರದಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ಬಗೆಯ ಸಂಖ್ಯೆಗಳಿರುತ್ತವೆ. ಮ್ಯಾಪ್ ಗ್ರೋತ್ ಎಂಬ ಕಂಪ್ಯೂಟರ್ ಪರೀಕ್ಷೆಯಲ್ಲಿ ರಿಟ್ ಎಂಬ ಅಂಕವೂ ಪರ್ಸೆಂಟೈಲ್ ಎಂಬ ಸ್ಥಾನವೂ ಇರುತ್ತವೆ. 90ನೆಯ ಪರ್ಸೆಂಟೈಲ್ ಎಂದರೆ ನೂರಕ್ಕೆ ತೊಂಬತ್ತು ಅಂಕ ಎಂದಲ್ಲ. ದೇಶದ ಅದೇ ತರಗತಿಯ ಮಕ್ಕಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿಗಿಂತ ಈ ಮಗುವಿನ ಅಂಕ ಹೆಚ್ಚು ಎಂದರ್ಥ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಒಂದು ಶಾಲೆಯಲ್ಲಿ ಆ ಸ್ಥಾನ ತರಗತಿಯ ನಡುವಿನ ಸ್ಥಾನವೂ ಆಗಿರಬಹುದು, ಆದ್ದರಿಂದ ಡಿಸ್ಟ್ರಿಕ್ಟ್ ಎಳೆದಿರುವ ಗೆರೆ ಎಲ್ಲಿದೆ ಎಂದು ತಿಳಿಯದೆ ಈ ಸಂಖ್ಯೆಯನ್ನು ಮುಂದಿಡುವುದು ವ್ಯರ್ಥ. ಇನ್ನೊಂದು ವಿಷಯವಿದೆ, ಅದು ಮೇಲ್ಮನವಿಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪ್ರತಿ ರಿಟ್ ಅಂಕಕ್ಕೂ ಆಚೀಚೆ ಸುಮಾರು 3 ಅಂಕಗಳಷ್ಟು ಅಳತೆಯ ಅನಿಶ್ಚಿತತೆ ಇರುತ್ತದೆ. ಮಗು ಗೆರೆಗಿಂತ ಒಂದೆರಡು ಅಂಕ ಕೆಳಗಿದ್ದರೆ, ಅದು ಗೆರೆಯ ಕೆಳಗೇ ಇದೆ ಎಂದು ಆ ಒಂದು ದಿನದ ಪರೀಕ್ಷೆಯಿಂದ ಖಚಿತವಾಗಿ ಹೇಳಲಾಗದು. ಇದನ್ನು ನಯವಾಗಿ ಹೇಳಿ ಇನ್ನೊಂದು ಅಳತೆಯನ್ನು ನೋಡಿ ಎಂದು ಕೋರುವುದು ಪೂರ್ಣ ನ್ಯಾಯವಾದ ಬೇಡಿಕೆ.

ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವಸಂತದಲ್ಲೂ ನಡೆಯುವ ಸ್ಮಾರ್ಟರ್ ಬ್ಯಾಲೆನ್ಸ್ಡ್ ಎಂಬ ರಾಜ್ಯಮಟ್ಟದ ಪರೀಕ್ಷೆಯ ಫಲಿತಾಂಶ ಎಷ್ಟೋ ಸಲ ಆಯ್ಕೆ ಮುಗಿದ ಮೇಲೆ ಕೈಸೇರುತ್ತದೆ. ಹಾಗೆ ತಡವಾಗಿ ಬಂದ ಒಳ್ಳೆಯ ಫಲಿತಾಂಶ ಶಾಲೆ ಇದುವರೆಗೆ ನೋಡದ ಹೊಸ ಸಾಕ್ಷ್ಯ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎಂಡಿಟಿಪಿ ಎಂಬ ಸಿದ್ಧತಾ ಪರೀಕ್ಷೆಯನ್ನು ಕೆಲವು ಡಿಸ್ಟ್ರಿಕ್ಟ್‌ಗಳು ಬಳಸುತ್ತವೆ. ಅದು ಮಗುವಿಗೆ ಯಾವ ವಿಷಯದಲ್ಲಿ ಹಿಡಿತವಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ವಿಷಯವಾರು ತೋರಿಸುವುದರಿಂದ ಬೇಸಿಗೆಯಲ್ಲಿ ಏನನ್ನು ಓದಿಸಬೇಕೆಂಬುದಕ್ಕೂ ದಾರಿ ತೋರುತ್ತದೆ.

ಕರ್ನಾಟಕದಿಂದ ಈಗಷ್ಟೇ ಬಂದ ಮಕ್ಕಳ ವಿಷಯ

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನಿಜವಾದ ತಪ್ಪು ಆಯ್ಕೆಗಳು ಹೆಚ್ಚಾಗಿ ಇಲ್ಲಿಯೇ ಆಗುವುದನ್ನು ಕಂಡಿದ್ದೇನೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಏಳನೆಯ ತರಗತಿಯನ್ನು ಮಾರ್ಚ್‌ನಲ್ಲಿ ಮುಗಿಸಿ ಆಗಸ್ಟ್‌ನಲ್ಲಿ ಇಲ್ಲಿನ ಶಾಲೆಗೆ ಸೇರುವ ಮಗುವಿನ ಬಳಿ ಕೌನ್ಸೆಲರ್‌ಗೆ ಅರ್ಥವಾಗುವ ಯಾವ ಅಳತೆಯೂ ಇರುವುದಿಲ್ಲ. ಅಂಕಪಟ್ಟಿಯಲ್ಲಿರುವ ‘ಗಣಿತ 96’ ಅವರಿಗೆ ಏನನ್ನೂ ಹೇಳುವುದಿಲ್ಲ, ಆ ಪುಸ್ತಕದಲ್ಲಿ ಏನಿತ್ತು ಎಂಬುದು ಅವರಿಗೆ ತಿಳಿಯದು. ಅಳತೆ ಇಲ್ಲದ ಮಗುವನ್ನು ಸಾಮಾನ್ಯ ತರಗತಿಗೆ ಹಾಕುವುದು ಸುಲಭದ ದಾರಿ.

ಆದ್ದರಿಂದ ಅಂಕಪಟ್ಟಿಯ ಜೊತೆಗೆ ಪಠ್ಯಪುಸ್ತಕವನ್ನೂ ತನ್ನಿ, ವಿಮಾನದ ಲಗೇಜಿನಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಅದಕ್ಕೂ ಜಾಗ ಮಾಡಿ. ಅದರ ವಿಷಯಸೂಚಿಯನ್ನು ಇಂಗ್ಲಿಷಿಗೆ ತಿರುಗಿಸಿ, ಪ್ರತಿ ಅಧ್ಯಾಯದ ಎದುರಿಗೆ ಕ್ಯಾಲಿಫೋರ್ನಿಯಾದ ಗಣಿತ ಮಾನದಂಡದಲ್ಲಿ ಅದು ಯಾವ ತರಗತಿಗೆ ಬರುತ್ತದೆ ಎಂದು ಬರೆದ ಒಂದು ಪುಟದ ಪಟ್ಟಿ ಸಿದ್ಧಪಡಿಸಿ. ಪೂರ್ಣಾಂಕಗಳು, ಸರಳ ಸಮೀಕರಣಗಳು, ಭಾಗಲಬ್ಧ ಸಂಖ್ಯೆಗಳು ಇಲ್ಲಿಯ ಆರು ಮತ್ತು ಏಳನೆಯ ತರಗತಿಗಳಿಗೆ ಹೊಂದಿಕೊಳ್ಳುತ್ತವೆ. ನಮ್ಮಲ್ಲಿ ಬಹುಕಾಲದಿಂದ ಎಂಟನೆಯ ತರಗತಿಯಲ್ಲಿ ಕಲಿಸುತ್ತಿರುವ ಬೀಜೋಕ್ತಿಗಳು, ನಿತ್ಯಸಮೀಕರಣಗಳು, ಅಪವರ್ತಿಸುವಿಕೆ ಇಲ್ಲಿ ಆಲ್ಜೀಬ್ರಾ 1ರ ಭಾಗ. ಇದರಲ್ಲಿ ನಮ್ಮ ಮಕ್ಕಳು ಮುಂದೆ. ಆದರೆ ಪಟ್ಟಿಯಲ್ಲಿ ಖಾಲಿ ಬಿಡಬೇಕಾದ ಸಾಲುಗಳೂ ಇವೆ, ಅವನ್ನು ಮರೆಮಾಚಬೇಡಿ. ಆಕೃತಿಗಳನ್ನು ತಿರುಗಿಸುವುದು, ಸರಿಸುವುದು, ಪ್ರತಿಬಿಂಬಿಸುವುದರ ಮೂಲಕ ಸರ್ವಸಮತೆಯನ್ನು ವಿವರಿಸುವ ಕ್ರಮ, ಎರಡು ಬಗೆಯ ದತ್ತಾಂಶಗಳ ಸಂಬಂಧವನ್ನು ಚುಕ್ಕೆಗಳ ನಕ್ಷೆಯಲ್ಲಿ ಓದುವುದು, ಫಂಕ್ಷನ್ ಎಂಬ ಕಲ್ಪನೆ, ಇವು ಇಲ್ಲಿಯ ಎಂಟನೆಯ ತರಗತಿಯವು. ಅಲ್ಲಿಂದ ಬಂದ ಮಗುವಿಗೆ ಇವು ಹೊಸವಾಗಿರುವ ಸಾಧ್ಯತೆಯೇ ಹೆಚ್ಚು. ಖಾಲಿ ಸಾಲುಗಳನ್ನು ನೀವೇ ತೋರಿಸಿ, ಅವನ್ನು ತುಂಬುವ ಬೇಸಿಗೆಯ ಯೋಜನೆಯನ್ನೂ ಜೊತೆಗಿಟ್ಟರೆ ಉಳಿದ ಸಾಲುಗಳನ್ನು ಶಾಲೆ ನಂಬುತ್ತದೆ.

ಪರೀಕ್ಷೆಯ ಭಾಷೆ ಇನ್ನೊಂದು ತೊಡಕು. ನಮ್ಮ ಮಕ್ಕಳು ‘ಎಚ್‌ಸಿಎಫ್’ ಎಂದು ಕಲಿತ ಮಸಾಅ ಇಲ್ಲಿ ‘ಜಿಸಿಎಫ್’. ‘ಬಾಡ್ಮಾಸ್’ ಇಲ್ಲಿ ‘ಪೆಮ್ಡಾಸ್’. ಅಲ್ಲಿಯ ‘ಟ್ರೆಪೀಜಿಯಂ’ ಇಲ್ಲಿ ‘ಟ್ರೆಪಿಜಾಯ್ಡ್’. ಲಕ್ಷದ ಅಲ್ಪವಿರಾಮ ಹಾಕಿ 1,50,000 ಎಂದು ಬರೆದ ಮಗುವಿಗೆ 150,000 ಎಂಬುದನ್ನು ಓದಲು ಒಂದು ಕ್ಷಣ ಹೆಚ್ಚು ಬೇಕು. ಡೈಮ್, ನಿಕಲ್, ಕ್ವಾರ್ಟರ್ ನಾಣ್ಯಗಳ ಬೆಲೆ ಗೊತ್ತಿಲ್ಲದವನು ನಾಣ್ಯಗಳ ಸಮೀಕರಣವನ್ನು ಹೇಗೆ ತಾನೇ ಬರೆಯಬೇಕು? ಅಡಿ, ಅಂಗುಲ, ಗ್ಯಾಲನ್‌ಗಳ ಕಥೆಯೂ ಅದೇ. ಬಂದಿಳಿದ ವಾರದಲ್ಲೇ ಕ್ರೋಮ್‌ಬುಕ್ ಮುಂದೆ ಕೂರಿಸಿ ತೆಗೆದುಕೊಂಡ ಪರೀಕ್ಷೆಯಲ್ಲಿ ಮಗು ಕಳೆದುಕೊಂಡ ಅಂಕಗಳಲ್ಲಿ ಗಣಿತದ್ದೆಷ್ಟು, ಪದಗಳದ್ದೆಷ್ಟು ಎಂದು ಕೇಳುವ ಹಕ್ಕು ನಿಮಗಿದೆ. ಆರು ವಾರ ಬಿಟ್ಟು ಮರುಪರೀಕ್ಷೆ ಕೇಳಲು ಇದಕ್ಕಿಂತ ಗಟ್ಟಿ ಕಾರಣ ಬೇರೆ ಸಿಗದು.

ಇದಕ್ಕೇ ಅಂಟಿಕೊಂಡ ಇನ್ನೊಂದು ಸಂಗತಿ ಇದೆ. ಶಾಲೆಗೆ ಸೇರುವಾಗ ತುಂಬುವ ಮನೆಮಾತಿನ ಸಮೀಕ್ಷೆಯಲ್ಲಿ ಮಗು ಮೊದಲು ಕಲಿತ ಭಾಷೆ ಕನ್ನಡ ಎಂದು ಬರೆದರೆ, ಸೇರಿದ 30 ದಿನಗಳೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ನಡೆಯುತ್ತದೆ. ಅದಕ್ಕೆ ಹೆದರಿ ಸುಳ್ಳು ಬರೆಯುವವರಿದ್ದಾರೆ, ಬರೆಯಬೇಡಿ. ಮಗುವನ್ನು ಇಂಗ್ಲಿಷ್ ಕಲಿಯುತ್ತಿರುವವರ ಪಟ್ಟಿಗೆ ಸೇರಿಸಿದರೂ, ಅದೊಂದೇ ಕಾರಣಕ್ಕೆ ವೇಗದ ಗಣಿತದಿಂದ ದೂರ ಇಡುವುದು ಸರಿಯಲ್ಲ. ಭಾಷೆಯ ತರಗತಿಗೂ ಗಣಿತ ತರಗತಿಗೂ ವೇಳಾಪಟ್ಟಿಯಲ್ಲಿ ಡಿಕ್ಕಿಯಾಗಿ ಹೀಗಾಗಿದೆಯೇ ಎಂದು ವಿಚಾರಿಸಿ. ಎಷ್ಟೋ ಸಲ ತೀರ್ಮಾನ ಮಾಡಿದ್ದು ಮನುಷ್ಯರಲ್ಲ, ವೇಳಾಪಟ್ಟಿಯ ಸಾಫ್ಟ್‌ವೇರ್.

ಪತ್ರ

ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ಒಂದು ಪುಟ ಮೀರಬಾರದು. ಮೊದಲು ಗಣಿತ ಶಿಕ್ಷಕರಿಗೆ ಅಥವಾ ಕೌನ್ಸೆಲರ್‌ಗೆ ಬರೆಯಿರಿ; ನೇರವಾಗಿ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟರಿಗೆ ಬರೆದರೆ ಅದು ಹತ್ತು ದಿನ ಕಳೆದು ಅದೇ ಕೌನ್ಸೆಲರ್ ಮೇಜಿಗೇ ಬಂದು ಬೀಳುತ್ತದೆ, ಜೊತೆಗೆ ಅವರ ಅಸಮಾಧಾನವೂ ಸೇರಿಕೊಂಡಿರುತ್ತದೆ. ಪತ್ರದ ತಿರುಳು ಹೀಗಿರಲಿ:

‘ನಮ್ಮ ಮಗಳಿಗೆ ಮುಂದಿನ ವರ್ಷ ಮ್ಯಾಥ್ 7 ನಿಗದಿಯಾಗಿದೆ ಎಂದು ತಿಳಿಯಿತು. ಈ ತೀರ್ಮಾನಕ್ಕೆ ಬಳಸಿದ ಅಳತೆಗಳು ಯಾವುವು, ಪ್ರತಿಯೊಂದಕ್ಕೂ ಅಗತ್ಯವಿದ್ದ ಅಂಕವೆಷ್ಟು, ಅವಳ ಅಂಕವೆಷ್ಟು ಎಂಬುದನ್ನು ದಯವಿಟ್ಟು ತಿಳಿಸಿ. ಡಿಸ್ಟ್ರಿಕ್ಟ್‌ನ ಲಿಖಿತ ನೀತಿಯಂತೆ ಮರುಪರಿಶೀಲನೆಗೆ ಇರುವ ಕ್ರಮ ಮತ್ತು ಕೊನೆಯ ದಿನಾಂಕವನ್ನೂ ತಿಳಿಸಿ. ಅವಳ ಈ ವರ್ಷದ ಕೆಲಸದ ಮೂರು ಮಾದರಿಗಳನ್ನೂ ಅಳತೆ ಪರೀಕ್ಷೆಯ ವರದಿಯನ್ನೂ ಲಗತ್ತಿಸಿದ್ದೇವೆ. ಇವುಗಳ ಆಧಾರದ ಮೇಲೆ ಮರುಪರೀಕ್ಷೆಗೆ, ಅಥವಾ ಮೊದಲ ಆರು ವಾರಗಳ ಪ್ರಾಯೋಗಿಕ ಪ್ರವೇಶಕ್ಕೆ ಅವಕಾಶವಿದೆಯೇ ಎಂದು ಕೇಳಲು ಇಪ್ಪತ್ತು ನಿಮಿಷಗಳ ಭೇಟಿಯನ್ನು ಕೋರುತ್ತೇವೆ.’

ಇದರಲ್ಲಿ ಎರಡು ಪದಗಳಿಗೆ ಜಾಗವಿಲ್ಲ ಎಂಬುದನ್ನು ಗಮನಿಸಿ. ಒಂದು ‘ಬೋರ್’. ಮಗುವಿಗೆ ತರಗತಿ ಬೋರ್ ಆಗುತ್ತಿದೆ ಎಂಬುದನ್ನು ಪ್ರತಿಯೊಬ್ಬ ಪೋಷಕರೂ ಬರೆಯುವುದರಿಂದ ಅದನ್ನು ಯಾರೂ ಓದುವುದಿಲ್ಲ. ಇನ್ನೊಂದು, ಗೆಳತಿಯ ಹೆಸರು. ಬೇರೆ ಮಗುವಿನ ಅಂಕದ ಬಗ್ಗೆ ಮಾತಾಡುವುದನ್ನು ಫೆರ್ಪಾ ಶಾಲೆಗೆ ನಿಷೇಧಿಸುತ್ತದೆ. ಆ ಹೆಸರು ಎತ್ತಿದ ಕ್ಷಣ ಮಾತುಕತೆ ಮುಚ್ಚಿಹೋಗುತ್ತದೆ. ಮಾದರಿಗಳನ್ನು ಆರಿಸುವಾಗ ಅಂಕ ಪೂರ್ತಿ ಬಂದ ಹಾಳೆಗಿಂತ, ಮಗು ತನ್ನ ದಾರಿಯನ್ನು ವಾಕ್ಯಗಳಲ್ಲಿ ವಿವರಿಸಿದ ಹಾಳೆ ಮೇಲು. ಮನೆಯ ಟ್ಯೂಷನ್ನಿನ ಪ್ರಮಾಣಪತ್ರಗಳನ್ನು ಒಂದು ಸಾಲಿನಲ್ಲಿ ಹೇಳಿ ಬಿಟ್ಟುಬಿಡಿ.

ಭೇಟಿ

ಭೇಟಿಗೆ ತಂದೆ ತಾಯಿ ಇಬ್ಬರೂ ಹೋಗುವುದು ಒಳ್ಳೆಯದು, ಒಬ್ಬರು ಮಾತಾಡಲು, ಇನ್ನೊಬ್ಬರು ಬರೆದುಕೊಳ್ಳಲು. ಇಂಗ್ಲಿಷ್ ಸಲೀಸಲ್ಲದಿದ್ದರೆ ದುಭಾಷಿಯನ್ನು ಮುಂಚಿತವಾಗಿಯೇ ಕೇಳಿ, ಕನ್ನಡಕ್ಕೂ ಫೋನ್ ಮೂಲಕ ಸಿಗಬಹುದು. ಮಗುವನ್ನೇ ದುಭಾಷಿಯಾಗಿಸಬೇಡಿ, ತನ್ನ ವಿಷಯದ ಅಹಿತಕರ ಮಾತನ್ನು ಅದು ಹೇಗೆ ಅನುವಾದಿಸಬೇಕು?

ಮೊದಲ ಪ್ರಶ್ನೆ ಶಿಕ್ಷಕರಿಗೆ: ‘ವೇಗದ ತರಗತಿಯಲ್ಲಿ ಅವಳಿಗೆ ಎಲ್ಲಿ ಕಷ್ಟವಾಗಬಹುದು ಎಂದು ನಿಮಗನಿಸುತ್ತದೆ?’ ಈ ಪ್ರಶ್ನೆಗೆ ಬರುವ ಉತ್ತರವೇ ಇಡೀ ಭೇಟಿಯ ಸಾರ. ‘ಅವಳಿಗೆ ಗೊತ್ತಿದೆ, ಆದರೆ ಹೋಮ್‌ವರ್ಕ್ ಮಾಡಿಕೊಡುವುದಿಲ್ಲ’ ಎಂದರೆ ಸಮಸ್ಯೆ ಗಣಿತದ್ದಲ್ಲ. ‘ಪದಸಮಸ್ಯೆಗಳಲ್ಲಿ ಎಡವುತ್ತಾಳೆ’ ಎಂದರೆ ಬೇಸಿಗೆಯ ಕೆಲಸ ಗೊತ್ತಾಯಿತು. ‘ಜಾಗವಿಲ್ಲ, ಸೆಕ್ಷನ್ ಭರ್ತಿಯಾಗಿದೆ’ ಎಂದರೆ ಅದು ಅರ್ಹತೆಯ ಮಾತೇ ಅಲ್ಲ, ಆಗ ಕಾಯುವ ಪಟ್ಟಿಯನ್ನೂ ಅದರಲ್ಲಿ ನಿಮ್ಮ ಮಗುವಿನ ಸ್ಥಾನವನ್ನೂ ಬರಹದಲ್ಲಿ ಕೇಳಿ. ಮಗುವಿಗೆ 504 ಯೋಜನೆಯೋ ಐಇಪಿಯೋ (ಅಂಗವೈಕಲ್ಯವಿರುವ ಮಕ್ಕಳಿಗೆ ಶಾಲೆ ಕೊಡಬೇಕಾದ ನೆರವಿನ ಲಿಖಿತ ಯೋಜನೆಗಳು) ಇದ್ದರೆ, ಅದರಲ್ಲಿ ಬರೆದಿರುವ ಹೆಚ್ಚುವರಿ ಸಮಯವನ್ನು ಪ್ಲೇಸ್‌ಮೆಂಟ್ ಪರೀಕ್ಷೆಯ ದಿನ ನಿಜವಾಗಿ ಕೊಟ್ಟಿದ್ದರೇ ಎಂದು ಇಲ್ಲಿಯೇ ವಿಚಾರಿಸಬೇಕು.

ಶಾಲೆ ಒಪ್ಪಬಹುದಾದ ಪರಿಹಾರಗಳು ನಾಲ್ಕಾರು ಬಗೆಯವು. ಮರುಪರೀಕ್ಷೆ ಸಾಮಾನ್ಯವಾದದ್ದು. ಬೇಸಿಗೆಯ ಕೋರ್ಸ್ ಮಾಡಿ ಆಗಸ್ಟ್‌ನಲ್ಲಿ ಪರೀಕ್ಷೆ ಬರೆಯುವುದು ಇನ್ನೊಂದು, ಆದರೆ ಹಣ ಕಟ್ಟುವ ಮೊದಲು ಆ ಕೋರ್ಸನ್ನು ಮಾನ್ಯ ಮಾಡುತ್ತೇವೆ ಎಂಬ ಮಾತು ಈಮೇಲಿನಲ್ಲಿ ಇರಲೇಬೇಕು. ಕೆಲವು ಕಡೆ ಪೋಷಕರು ತಮ್ಮ ಹೊಣೆಯಲ್ಲಿ ಸಹಿ ಹಾಕಿ ಮೇಲಿನ ತರಗತಿಗೆ ಸೇರಿಸುವ ಫಾರಂ ಇರುತ್ತದೆ. ಅದಕ್ಕೆ ಸಹಿ ಹಾಕುವ ಮೊದಲು, ಕಷ್ಟವಾದರೆ ಕೆಳಗಿನ ತರಗತಿಗೆ ಮರಳಲು ಯಾವ ದಿನಾಂಕದವರೆಗೆ ಅವಕಾಶವಿದೆ ಮತ್ತು ಮಿಡ್ಲ್ ಸ್ಕೂಲಿನ ಆಲ್ಜೀಬ್ರಾ ಗ್ರೇಡ್ ಹೈಸ್ಕೂಲ್ ಟ್ರಾನ್‌ಸ್ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಕಾಣುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ. ಏಳು ಅಥವಾ ಎಂಟನೆಯ ತರಗತಿಯ ಆಲ್ಜೀಬ್ರಾ 1ರಲ್ಲಿ ‘ಸಿ’ ಅಥವಾ ಮೇಲಿನ ಗ್ರೇಡ್ ಬಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅದನ್ನು ಗಣಿತದ ಒಂದು ವರ್ಷವಾಗಿ ಪರಿಗಣಿಸುತ್ತದೆ, ಆದರೆ ಆ ಗ್ರೇಡನ್ನು ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಸೇರಿಸುವುದಿಲ್ಲ. ಭೇಟಿ ಮುಗಿದ ದಿನವೇ, ‘ಇಂದು ನಮಗೆ ಅರ್ಥವಾದದ್ದು ಇದು’ ಎಂದು ನಾಲ್ಕು ಸಾಲಿನ ಈಮೇಲ್ ಕಳಿಸಿ. ಮುಂದೆ ಕೌನ್ಸೆಲರ್ ಬದಲಾದರೆ ಉಳಿಯುವುದು ಅದೊಂದೇ.

ಶಾಲೆ ಒಪ್ಪದಿದ್ದರೆ

ಪ್ರಿನ್ಸಿಪಾಲ್, ಅನಂತರ ಡಿಸ್ಟ್ರಿಕ್ಟ್‌ನ ಪಠ್ಯ ವಿಭಾಗದ ನಿರ್ದೇಶಕರು, ಆಮೇಲೆ ಸೂಪರಿಂಟೆಂಡೆಂಟ್, ಇದು ಕ್ರಮ. ಪ್ರತಿ ಮೆಟ್ಟಿಲಲ್ಲೂ ಹೊಸ ಪತ್ರ ಬರೆಯದೆ, ಹಳೆಯ ಪತ್ರವ್ಯವಹಾರವನ್ನು ಲಗತ್ತಿಸಿ ‘ನೀತಿಯ ಈ ಅಂಶ ಪಾಲನೆಯಾಗಿಲ್ಲ’ ಎಂಬ ಒಂದು ಸಾಲು ಸೇರಿಸಿ. ನೀತಿ ಪಾಲನೆಯಾಗಿದ್ದು, ತೀರ್ಮಾನ ಮಾತ್ರ ನಿಮಗೆ ಹಿಡಿಸದಿದ್ದರೆ ಇಲ್ಲಿಗೆ ನಿಲ್ಲಿಸುವುದು ಲೇಸು. ಜನಾಂಗ, ಮೂಲದೇಶ ಅಥವಾ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯವಾಗಿದೆ ಎಂಬುದಕ್ಕೆ ಆಧಾರವಿದ್ದರೆ ಮಾತ್ರ ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನಗಳ ಒಳಗೆ ದೂರು ಕೊಡುವ ದಾರಿ ಇದೆ. ಒಂದು ತರಗತಿಯ ಆಸೆಗೆ ಅದನ್ನು ಬಳಸಬಾರದು.

ಕೆಲವೊಮ್ಮೆ ಅಡ್ಡಿಯಾಗಿರುವುದು ಶಾಲೆಯಲ್ಲ, ಡಿಸ್ಟ್ರಿಕ್ಟ್‌ನ ನೀತಿಯೇ. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಎಂಟನೆಯ ತರಗತಿಯ ಆಲ್ಜೀಬ್ರಾ 1ನ್ನು ತೆಗೆದುಹಾಕಿ ಎಲ್ಲರಿಗೂ ಒಂದೇ ಹಾದಿ ಮಾಡಿತು. ಅಲ್ಲಿ ಒಂದು ಮಗುವಿನ ಮೇಲ್ಮನವಿಗೆ ಅರ್ಥವೇ ಇರಲಿಲ್ಲ, ಏರಲು ಮೇಲಿನ ತರಗತಿಯೇ ಇಲ್ಲದ ಮೇಲೆ ಯಾವುದಕ್ಕೆ ಅರ್ಜಿ? ವರ್ಷಗಟ್ಟಲೆ ಪೋಷಕರು ಬೋರ್ಡ್ ಸಭೆಗಳಲ್ಲಿ ಮಾತಾಡಿದ ಮೇಲೆ 2024ರ ಫೆಬ್ರವರಿಯಲ್ಲಿ ಬೋರ್ಡ್ ಅದನ್ನು ಮರಳಿ ತರಲು ನಿರ್ಧರಿಸಿತು, ಮಾರ್ಚ್‌ನಲ್ಲಿ ಮತದಾರರೂ ಅದನ್ನೇ ಅನುಮೋದಿಸಿದರು. ಬೋರ್ಡ್ ಸಭೆಯಲ್ಲಿ ಸಾರ್ವಜನಿಕರು ಮಾತಾಡುವ ಅವಕಾಶವನ್ನು ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ ಕಾಪಾಡುತ್ತದೆ. ಸಿಗುವುದು ಎರಡು ಮೂರು ನಿಮಿಷ. ಅಲ್ಲಿ ನಿಮ್ಮ ಮಗುವಿನ ಹೆಸರನ್ನಾಗಲಿ ಶಿಕ್ಷಕರ ಹೆಸರನ್ನಾಗಲಿ ಹೇಳದೆ ನೀತಿಯ ಬಗ್ಗೆ ಮಾತ್ರ ಮಾತಾಡಿ.

ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ನಾರ್ತ್ ಕ್ಯಾರೊಲಿನಾದಲ್ಲಿ 2018ರ ಕಾನೂನಿನಂತೆ ವರ್ಷಾಂತ್ಯದ ಗಣಿತ ಪರೀಕ್ಷೆಯಲ್ಲಿ ಅತ್ಯುನ್ನತ ಮಟ್ಟ ಪಡೆದ ಮಗುವಿಗೆ, ಶಾಲೆಯಲ್ಲಿ ಮುಂದುವರಿದ ಗಣಿತವಿದ್ದರೆ, ಅದರಲ್ಲಿ ಸ್ಥಾನ ಕೊಡಲೇಬೇಕು, ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ. ಟೆಕ್ಸಾಸ್ 2023ರಲ್ಲಿ ಮಾಡಿದ ಕಾನೂನಿನಂತೆ ಐದನೆಯ ತರಗತಿಯಲ್ಲಿ ಮೇಲಿನ ಶೇ. 40ರಲ್ಲಿರುವ ಮಕ್ಕಳು ಆರನೆಯದರ ಮುಂದುವರಿದ ಗಣಿತಕ್ಕೆ ತಾವಾಗಿಯೇ ಸೇರ್ಪಡೆಯಾಗುತ್ತಾರೆ, ಬೇಡವೆನ್ನುವ ಹಕ್ಕು ಪೋಷಕರದು. ಅಲ್ಲಿರುವವರು ಮೇಲ್ಮನವಿಗಿಂತ ಮೊದಲು ಮಗುವಿನ ಅಂಕವನ್ನು ಈ ಗೆರೆಗೆ ಹಿಡಿದು ನೋಡಬೇಕು.

ತರಗತಿ ಬದಲಾದ ಮೇಲೆ

ಒಪ್ಪಿಗೆ ಸಿಕ್ಕ ಮೊದಲ ಆರು ವಾರ ಮಗುವಿನ ಗ್ರೇಡ್ ನೋಡುವುದಕ್ಕಿಂತ ಅದು ಹೋಮ್‌ವರ್ಕ್ ಮುಗಿಸುವ ಹೊತ್ತನ್ನು ನೋಡಿ. ಅರ್ಧ ಗಂಟೆಯ ಕೆಲಸ ದಿನವೂ ಎರಡು ಗಂಟೆಯಾಗುತ್ತಿದ್ದರೆ, ಅದರಲ್ಲಿ ಒಂದು ಗಂಟೆ ನೀವೇ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರೆ, ಆ ತರಗತಿಯಲ್ಲಿ ಓದುತ್ತಿರುವುದು ಮಗುವಲ್ಲ. ಮೊದಲ ಎರಡು ಘಟಕ ಪರೀಕ್ಷೆಗಳು ಮುಗಿದ ವಾರ ಶಿಕ್ಷಕರಿಗೆ ಒಂದು ಸಾಲು ಬರೆದು ಅಭಿಪ್ರಾಯ ಕೇಳಿ. ಕೆಳಗಿನ ತರಗತಿಗೆ ಮರಳುವ ಕೊನೆಯ ದಿನಾಂಕ ಅಷ್ಟರೊಳಗೆ ದಾಟಿರಬಾರದು, ಆದ್ದರಿಂದ ಮೇ ತಿಂಗಳಲ್ಲಿ ಕ್ಯಾಲೆಂಡರಿನ ಮೇಲೆ ಮೇಲ್ಮನವಿಯ ದಿನಾಂಕ ಬರೆದ ಅದೇ ಪೆನ್ನಿನಲ್ಲಿ, ಆಗಸ್ಟ್‌ನಲ್ಲಿ ಈ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ.